ಸಣ್ಣ ಸ್ಯಾಕ್ಸ್‌ಗಳಲ್ಲಿ ನಿಮಗೆ ಯಾವುದು? ಸೊಪ್ರಾನೊದಿಂದ ಸೊಪ್ರಿಲ್ಲೊ ತನಕ

ಆಲ್ಟೊ ಅಥವಾ ಟೆನರ್ ಸ್ಯಾಕ್ಸೊಫೋನ್ ಒಂದಷ್ಟು ವರ್ಷ ನುಡಿಸಿದವರಿಗೆ ಒಂದಲ್ಲ ಒಂದು ದಿನ ಸಣ್ಣ ಸ್ಯಾಕ್ಸ್ ಮೇಲೆ ಆಸೆ ಹುಟ್ಟುತ್ತದೆ. ಬೆರಳಿಡುವ ಕ್ರಮ ಇಡೀ ಕುಟುಂಬಕ್ಕೆ ಒಂದೇ. ಹಾಗಾಗಿ ಆಲ್ಟೊ ಬಂದರೆ ಉಳಿದವೂ ಬಂದ ಹಾಗೇ ಅಂತ ಬಹಳ ಜನ ನಂಬಿರುತ್ತಾರೆ. ಬೆರಳಿನ ಮಟ್ಟಿಗೆ ಅದು ನಿಜ. ತುಟಿ, ಉಸಿರು, ಕಿವಿಯ ಮಟ್ಟಿಗೆ ನಿಜ ಅಲ್ಲ. ವಾದ್ಯ ಚಿಕ್ಕದಾದಷ್ಟೂ ತಾನಾಗಿ ಶ್ರುತಿಯಲ್ಲಿ ನಿಲ್ಲುವುದು ಕಡಿಮೆ. ನಿಲ್ಲಿಸುವ ಕೆಲಸ ನುಡಿಸುವವರ ಪಾಲಿಗೆ ಬರುತ್ತದೆ.

ಎರಡನೇ ವಾದ್ಯವಾಗಿ ಸಣ್ಣ ಸ್ಯಾಕ್ಸ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವುದರ ದನಿ ಇಷ್ಟ ಅನ್ನುವುದು ಎರಡನೇ ಪ್ರಶ್ನೆ. ಯಾವುದಕ್ಕೆ ರೀಡ್, ಅಂದರೆ ಊದಿದಾಗ ಅದುರುವ ತೆಳು ಪಟ್ಟಿ, ಸಲೀಸಾಗಿ ಸಿಗುತ್ತದೆ, ಯಾವುದಕ್ಕೆ ನಾಲ್ಕಾರು ಬಗೆಯ ಮೌತ್‌ಪೀಸ್, ಅಂದರೆ ಬಾಯಲ್ಲಿಟ್ಟು ಊದುವ ತುದಿ, ಹಾಕಿ ನೋಡಬಹುದು, ಯಾವುದನ್ನು ರಿಪೇರಿ ಮಾಡುವವರು ಇದ್ದಾರೆ ಅನ್ನುವುದು ಮೊದಲನೇ ಪ್ರಶ್ನೆ. ಅಪರೂಪದ ಸ್ಯಾಕ್ಸ್ ಕೊಂಡವರು ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದರೆ, ಕಾರಣ ಹೆಚ್ಚಾಗಿ ದನಿ ಅಲ್ಲ, ಇವೇ.

ಇವು ಯಾಕೆ ಅಪರೂಪ?

ಅಪರೂಪ ಅನ್ನುವುದರಲ್ಲಿ ಎರಡು ಬಗೆ ಇದೆ. ಇದು ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಸ್ಯಾಕ್ಸೊಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಫ್ರಾನ್ಸ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಅವನ ತಲೆಯಲ್ಲಿ ಇದ್ದದ್ದು ಒಂದು ವಾದ್ಯ ಅಲ್ಲ, ಒಂದು ಕುಟುಂಬ. ಆ ಕುಟುಂಬ ಎರಡು ಸಾಲಾಗಿ ಬೆಳೆಯಿತು. ಸಿ ಸ್ವರಕ್ಕೆ ಬೆರಳಿಟ್ಟಾಗ ನಿಜವಾಗಿ ಕೇಳುವ ಸ್ವರ ಯಾವುದೋ ಅದೇ ವಾದ್ಯದ ಶ್ರುತಿ. ಒಂದು ಸಾಲು ಸಿ ಮತ್ತು ಎಫ್ ಶ್ರುತಿಯದು, ಆರ್ಕೆಸ್ಟ್ರಾಕ್ಕೆ. ಇನ್ನೊಂದು ಬಿ ಫ್ಲಾಟ್ ಮತ್ತು ಇ ಫ್ಲಾಟ್ ಶ್ರುತಿಯದು, ಮಿಲಿಟರಿ ಬ್ಯಾಂಡ್‌ಗೆ. ಬ್ಯಾಂಡ್‌ನವರು ಸ್ಯಾಕ್ಸನ್ನು ಕೈಹಿಡಿದರು. ಆರ್ಕೆಸ್ಟ್ರಾದವರು ಅಷ್ಟಾಗಿ ಹತ್ತಿರ ಸೇರಿಸಲಿಲ್ಲ. ಇವತ್ತು ಎಲ್ಲೆಲ್ಲೂ ಕಾಣುವ ಆಲ್ಟೊ, ಟೆನರ್, ಬ್ಯಾರಿಟೋನ್ ಎಲ್ಲ ಬ್ಯಾಂಡ್ ಸಾಲಿನವೇ. ಇನ್ನೊಂದು ಸಾಲು ಬರಬರುತ್ತಾ ಬತ್ತಿಹೋಯಿತು.

ಹಾಗಾಗಿ ಸಿ ಸೊಪ್ರಾನೊ ಮತ್ತು ಎಫ್ ಮೆಝೊ ಸೊಪ್ರಾನೊ ಅಪರೂಪವಾಗಿರುವುದು ಚರಿತ್ರೆಯಿಂದ. ನುಡಿಸಲು ಅವು ವಿಪರೀತ ಕಷ್ಟವೇನಲ್ಲ. ಅವಕ್ಕೆ ಬೇಕಾದ ಬಿಡಿಭಾಗ, ಮೌತ್‌ಪೀಸ್ ಸಿಗುವುದು ಕಷ್ಟ. ಸೊಪ್ರಾನೊಗಿಂತಲೂ ಚಿಕ್ಕವಾದ ಸೊಪ್ರಾನಿನೊ ಮತ್ತು ಸೊಪ್ರಿಲ್ಲೊ ಬ್ಯಾಂಡ್ ಸಾಲಿನ ಶ್ರುತಿಯವೇ. ಅವು ಅಪರೂಪ ಆಗಿರುವುದು ಗಾತ್ರದಿಂದ. ಅಲ್ಲಿ ಕಷ್ಟ ನಿಮ್ಮ ತುಟಿಗೆ.

ಗಾತ್ರದಿಂದ ಬರುವ ಕಷ್ಟ ಎಂಥದ್ದು?

ಸ್ಯಾಕ್ಸ್‌ನ ಕೊಳವೆ ಶಂಕುವಿನ ಆಕಾರದ್ದು. ಬಾಯಿಯ ಕಡೆ ಕಿರಿದು, ಬೆಲ್ ಅನ್ನುವ ತೆರೆದ ತುದಿಯ ಕಡೆಗೆ ಅಗಲ. ಆ ಶಂಕುವಿನ ಚೂಪು ತುದಿಯನ್ನು ಕತ್ತರಿಸಿ, ಅದೇ ಜಾಗದಲ್ಲಿ ಮೌತ್‌ಪೀಸ್ ಕೂರಿಸಿದ್ದಾರೆ. ಮೌತ್‌ಪೀಸ್ ಒಳಗಿನ ಖಾಲಿ ಜಾಗ, ಕತ್ತರಿಸಿ ಹೋದ ತುದಿಯ ಜಾಗಕ್ಕೆ ಹೆಚ್ಚುಕಮ್ಮಿ ಸಮ ಇರಬೇಕು. ಸಮ ಇದ್ದರೆ ಕೆಳಗಿನ ಸ್ಥಾಯಿಯ ಜಿ ಸ್ವರಕ್ಕೂ ಮೇಲಿನ ಸ್ಥಾಯಿಯ ಜಿ ಸ್ವರಕ್ಕೂ ಹೊಂದಿಕೆ ಇರುತ್ತದೆ. ಇಲ್ಲದಿದ್ದರೆ ಕೆಳಗೆ ಸರಿಮಾಡಿದರೆ ಮೇಲೆ ಕೆಡುತ್ತದೆ, ಮೇಲೆ ಸರಿಮಾಡಿದರೆ ಕೆಳಗೆ.

ದೊಡ್ಡ ಸ್ಯಾಕ್ಸ್‌ನಲ್ಲಿ ಆ ಖಾಲಿ ಜಾಗವೇ ದೊಡ್ಡದು. ಸ್ವಲ್ಪ ಹೆಚ್ಚುಕಮ್ಮಿ ಆದರೂ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸಣ್ಣದರಲ್ಲಿ ಅಷ್ಟೇ ವ್ಯತ್ಯಾಸ ಎದ್ದು ಕಾಣುತ್ತದೆ. ಮೌತ್‌ಪೀಸನ್ನು ಕಾರ್ಕ್ ಮೇಲೆ ಒಂದೇ ಒಂದು ಮಿಲಿಮೀಟರ್ ಹೊರಗೆ ಎಳೆದು ನೋಡಿ. ಕೆಳಗಿನ ಸ್ವರಗಳು ಚೂರು ಇಳಿಯುತ್ತವೆ. ಮೇಲಿನವು ಅದಕ್ಕಿಂತ ಜಾಸ್ತಿ ಇಳಿಯುತ್ತವೆ. ಅಂದರೆ ಒಂದು ಸ್ವರಕ್ಕೆ ಶ್ರುತಿ ಕೂಡಿಸಿ ಹಾಯಾಗಿ ಇರುವ ಹಾಗಿಲ್ಲ. ಬಾಯಿಯೊಳಗೆ ನಾಲಿಗೆ ಎತ್ತರ ಬದಲಾದರೂ ಸ್ವರ ಜಾರುತ್ತದೆ.

ಜೊತೆಗೆ ಯಂತ್ರದ ಭಾಗವೂ ಇದೆ. ಅಷ್ಟೇ ಕೀಗಳು, ಅಷ್ಟೇ ಸ್ಪ್ರಿಂಗ್, ಅಷ್ಟೇ ಕಂಬಿಗಳನ್ನು ಚಿಕ್ಕ ಮೈಯಲ್ಲಿ ಒತ್ತೊತ್ತಾಗಿ ಕೂರಿಸಬೇಕು. ತೂತು ಮುಚ್ಚುವ ಪ್ಯಾಡ್ ಕೂದಲೆಳೆಯಷ್ಟು ಸೋರಿದರೂ ಕೆಳಗಿನ ಸ್ವರ ಏಳುವುದೇ ಇಲ್ಲ. ಅದಕ್ಕೇ ಸಣ್ಣ ಸ್ಯಾಕ್ಸ್‌ನಲ್ಲಿ ಅಗ್ಗದ್ದಕ್ಕೂ ಒಳ್ಳೆಯದಕ್ಕೂ ಇರುವ ಅಂತರ, ಆಲ್ಟೊಗಿಂತ ಬಹಳ ಜಾಸ್ತಿ.

ಬಿ ಫ್ಲಾಟ್ ಸೊಪ್ರಾನೊ: ಮೊದಲು ಇದನ್ನೇ ನೋಡಿ

ಸಣ್ಣವುಗಳಲ್ಲಿ ಇದೊಂದೇ ಸಾಮಾನ್ಯ ವಾದ್ಯ. ಉಳಿದವನ್ನು ಅಳೆಯುವುದು ಇದಕ್ಕೆ ಹೋಲಿಸಿಯೇ. ಟೆನರ್‌ಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ಟೆನರ್ ನುಡಿಸುವವರು ತಮ್ಮ ಸ್ವರಲಿಪಿ ಹಾಳೆಯನ್ನೇ ಇಟ್ಟುಕೊಂಡು ಓದಬಹುದು. ಹಾಳೆಯಲ್ಲಿ ಸಿ ಇದ್ದರೆ ಕೇಳುವುದು ಬಿ ಫ್ಲಾಟ್. 1920ರ ದಶಕದಲ್ಲೇ ಸಿಡ್ನಿ ಬೆಷೆ ಇದನ್ನು ಜ್ಯಾಝ್‌ನಲ್ಲಿ ಮುಂದೆ ತಂದ. ಆಮೇಲೆ ಬಹಳ ಕಾಲ ಇದನ್ನು ಕೇಳುವವರು ಕಡಿಮೆಯಾದರು. ಸ್ಟೀವ್ ಲೇಸಿ ಇದನ್ನೇ ತನ್ನ ಮುಖ್ಯ ವಾದ್ಯ ಮಾಡಿಕೊಂಡ. 1960ರ ಆಸುಪಾಸಿನಲ್ಲಿ ಜಾನ್ ಕೋಲ್ಟ್ರೇನ್ ಕೈಗೆತ್ತಿಕೊಂಡ ಮೇಲೆ ಟೆನರ್ ನುಡಿಸುವ ಎಷ್ಟೋ ಜನ ಜೊತೆಗೊಂದು ಸೊಪ್ರಾನೊ ಇಟ್ಟುಕೊಳ್ಳತೊಡಗಿದರು.

ರೀಡ್ ಎಲ್ಲ ಗಟ್ಟಿತನದಲ್ಲೂ ಸಿಗುತ್ತದೆ. ಮೌತ್‌ಪೀಸ್ ಲೆಕ್ಕವಿಲ್ಲದಷ್ಟು ಬಗೆಯವು. ಸ್ಯಾಕ್ಸ್ ರಿಪೇರಿ ಮಾಡುವ ಯಾರೇ ಆದರೂ ಇದನ್ನು ಮುಟ್ಟಿರುತ್ತಾರೆ. ಹಾಗಾಗಿ ಇದುವರೆಗೆ ಸಣ್ಣ ಸ್ಯಾಕ್ಸ್ ನುಡಿಸಿಯೇ ಇಲ್ಲ ಅನ್ನುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಆದರೆ ಸೊಪ್ರಾನೊದೊಳಗೇ ಆಯ್ಕೆ ಇದೆ. ಅಪರೂಪದ್ದು ಬೇಕು ಅನ್ನುವ ಆಸೆ ಇಲ್ಲೇ ತೀರಬಹುದು.

ನೇರ ಸೊಪ್ರಾನೊ ಎಲ್ಲರೂ ನೋಡಿರುವುದು. ಉದ್ದ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಇದರಲ್ಲೂ ಎರಡು ಬಗೆ. ಒಂದರಲ್ಲಿ ನೆಕ್, ಅಂದರೆ ಮೌತ್‌ಪೀಸ್ ಕೂರುವ ಮೇಲಿನ ತುಂಡು, ಮೈಗೇ ಸೇರಿರುತ್ತದೆ, ಯಮಾಹಾ 475ರ ಹಾಗೆ. ಇನ್ನೊಂದರಲ್ಲಿ ನೆಕ್ ಬಿಚ್ಚಬಹುದು. ಯಮಾಹಾ 875 ಇಎಕ್ಸ್ ಜೊತೆ ನೇರ ನೆಕ್ ಒಂದು, ಬಾಗಿದ ನೆಕ್ ಒಂದು ಬರುತ್ತದೆ. ಜೋಡಣೆ ಕಡಿಮೆ ಇದ್ದಷ್ಟೂ ಸೋರುವ ಜಾಗ ಕಡಿಮೆ, ಇದು ಒಂದೇ ತುಂಡಿನದರ ಲಾಭ. ಬಾಗಿದ ನೆಕ್ ಇದ್ದರೆ ಕೈಯನ್ನು ಮುಂದಕ್ಕೆ ಚಾಚಿ ಹಿಡಿಯಬೇಕಾಗಿಲ್ಲ. ವಾದ್ಯ ಮೈಗೆ ಹತ್ತಿರ ಇರುತ್ತದೆ. ಹೆಬ್ಬೆರಳಿಗೆ, ಮಣಿಕಟ್ಟಿಗೆ ನೋವು ಬರುವವರು ಇದನ್ನೇ ನೋಡಿ. ಇನ್ನೊಂದು ಮಾತು: ನೇರ ನೆಕ್ ಹಾಕಿಕೊಂಡು ತಲೆ ತಗ್ಗಿಸಿ ನುಡಿಸಿದರೆ ಮೌತ್‌ಪೀಸ್ ಬಾಯಿಗೆ ಹೋಗುವ ಕೋನವೇ ಬದಲಾಗುತ್ತದೆ. ದನಿ ಹಿಂಡಿದ ಹಾಗಾಗುತ್ತದೆ. ಬಾಗಿದ ನೆಕ್ ಈ ತಪ್ಪನ್ನು ಬಹುಪಾಲು ತಾನೇ ತಡೆಯುತ್ತದೆ.

ಬಾಗಿದ ಸೊಪ್ರಾನೊ ಪುಟಾಣಿ ಆಲ್ಟೊ ಥರ ಕಾಣುತ್ತದೆ. ನಾರ್ವೆಯ ಜ್ಯಾಝ್ ವಾದಕ ಯಾನ್ ಗಾರ್ಬರೆಕ್ ನುಡಿಸುವುದು ಇದನ್ನೇ. ಇದರ ದನಿ ಬೆಚ್ಚಗೆ, ನೇರದ್ದರ ದನಿ ಚೂಪು ಅನ್ನುತ್ತಾರೆ. ನನ್ನ ಪ್ರಕಾರ ಆ ವ್ಯತ್ಯಾಸದ ದೊಡ್ಡ ಪಾಲು ಬೆಲ್ ಯಾವ ಕಡೆ ಮುಖ ಮಾಡಿದೆ ಅನ್ನುವುದರಲ್ಲಿದೆ. ಬಾಗಿದ್ದರಲ್ಲಿ ಬೆಲ್ ಮೇಲ್ಮುಖ, ನಿಮ್ಮ ದನಿ ನಿಮಗೇ ಚೆನ್ನಾಗಿ ಕೇಳುತ್ತದೆ. ನೇರದ್ದರಲ್ಲಿ ಬೆಲ್ ನೆಲದ ಕಡೆಗೆ. ನಿಮಗೆ ಕೇಳುವುದು ಒಂದು, ಎದುರು ಕೂತವರಿಗೆ ಕೇಳುವುದು ಇನ್ನೊಂದು. ಗುಂಪಿನಲ್ಲಿ ನುಡಿಸುವಾಗ ಶ್ರುತಿ ಹಿಡಿಯಲು ಕಷ್ಟಪಡುವವರಿಗೆ ಈ ಕಾರಣಕ್ಕೇ ಬಾಗಿದ್ದು ಒಳ್ಳೆಯದು. ಮೈಕ್ ವಿಷಯಕ್ಕೂ ಇದು ಸಂಬಂಧಿಸಿದ್ದು. ನೇರ ಸೊಪ್ರಾನೊದ ಬೆಲ್‌ಗೆ ಮೈಕ್ ಹಿಡಿದರೆ ಕೆಳಗಿನ ಒಂದೆರಡು ಸ್ವರ ಮಾತ್ರ ಜೋರಾಗಿ ಬರುತ್ತವೆ, ಉಳಿದವು ತೂತುಗಳಿಂದ ಹೊರಬೀಳುತ್ತವೆ. ಮೈಕನ್ನು ಸ್ವಲ್ಪ ದೂರದಲ್ಲಿ, ಕೆಳಗಿನ ಕೈ ಮಟ್ಟಕ್ಕೆ ಇಡಬೇಕು.

ಮೂರನೆಯದು ಸ್ಯಾಕ್ಸೆಲ್ಲೊ. ಕ್ಲೀವ್‌ಲ್ಯಾಂಡ್‌ನ ಎಚ್. ಎನ್. ವೈಟ್ ಕಂಪನಿ 1920ರ ದಶಕದಲ್ಲಿ ಕಿಂಗ್ ಹೆಸರಿನಲ್ಲಿ ಇದನ್ನು ತಂದಿತು. ಮೈ ನೇರ, ನೆಕ್ ಬಾಗಿದ್ದು, ಬೆಲ್ ಮಾತ್ರ ಮುಂದಕ್ಕೆ ತಿರುಗಿರುತ್ತದೆ. ಜ್ಯಾಝ್ ವಾದಕ ರಾಲಂಡ್ ಕರ್ಕ್ ನುಡಿಸುತ್ತಿದ್ದ ಮ್ಯಾನ್ಝೆಲ್ಲೊ ಇದನ್ನೇ ಮಾರ್ಪಡಿಸಿದ್ದು. ಸಾಫ್ಟ್ ಮಷೀನ್ ತಂಡದ ಎಲ್ಟನ್ ಡೀನ್ ಕೂಡ ಸ್ಯಾಕ್ಸೆಲ್ಲೊ ನುಡಿಸಿದ. ಹಳೆಯದು ಸಿಗುವುದು ಕಷ್ಟ, ಸಿಕ್ಕರೂ ಸಂಗ್ರಹ ಮಾಡುವವರ ಕೈಗೆ ಹೋಗುತ್ತದೆ. ಆದರೆ ಇದೇ ಆಕಾರದ ಹೊಸ ಸೊಪ್ರಾನೊಗಳನ್ನು ಇಟಲಿಯ ರಾಂಪೋನೆ ಮತ್ತು ಕಜ್ಜಾನಿ ಕಂಪನಿ ಮಾಡಿದೆ. ನೋಡಲು ಅಪರೂಪ, ಒಳಗೆ ಮಾಮೂಲಿ ಬಿ ಫ್ಲಾಟ್ ಸೊಪ್ರಾನೊ. ರೀಡ್, ಮೌತ್‌ಪೀಸ್ ಎಲ್ಲ ಅವೇ. ವಿಶೇಷವಾದದ್ದು ಬೇಕು, ತಲೆನೋವು ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇ ಫ್ಲಾಟ್ ಸೊಪ್ರಾನಿನೊ: ನಿಜವಾಗಿ ಬೇರೆ ವಾದ್ಯ

ಆಲ್ಟೊಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ಹಾಳೆಯಲ್ಲಿ ಸಿ ಇದ್ದರೆ ಕೇಳುವುದು ಅದರ ಮೇಲಿನ ಇ ಫ್ಲಾಟ್. ಇದರ ಅತಿ ಕೆಳಗಿನ ಸ್ವರವೇ ಪಿಯಾನೊದ ಮಧ್ಯದ ಸಿಗಿಂತ ಅರ್ಧ ಸ್ವರ ಮೇಲೆ. ಅಂದರೆ ಮಂದ್ರ ಅನ್ನುವುದು ಇದಕ್ಕೆ ಇಲ್ಲವೇ ಇಲ್ಲ. ಈ ಒಂದು ಮಾತು ಕೊಳ್ಳುವ ಮುಂಚೆ ಮನಸ್ಸಿಗೆ ಇಳಿಯಬೇಕು. ಆಲ್ಟೊದಲ್ಲಿ ಹಾಡುವ ಹಾಗೆ ಇದರಲ್ಲಿ ಹಾಡಲು ಆಗುವುದಿಲ್ಲ. ಇದಕ್ಕೆ ಬೇಕಾದ ಸಾಲುಗಳೇ ಬೇರೆ: ಚುರುಕಾದವು, ಚಿಕ್ಕವು, ನಡುವೆ ಉಸಿರಿಗೆ ಜಾಗ ಇರುವವು.

ಇದಕ್ಕೆ ಬರೆದ ಸಂಗೀತ ಕಡಿಮೆ. ಸ್ಯಾಕ್ಸೊಫೋನ್‌ಗಳೇ ತುಂಬಿದ ದೊಡ್ಡ ತಂಡಗಳಲ್ಲಿ ಮೇಲಿನ ಅಂಚು ಹಿಡಿಯುವುದು ಇದರ ಕೆಲಸ. ಸ್ವತಂತ್ರವಾಗಿ ನುಡಿಸಿ ಇದಕ್ಕೊಂದು ಬೆಲೆ ತಂದುಕೊಟ್ಟವರಲ್ಲಿ ರಾಸ್ಕೊ ಮಿಚೆಲ್, ಆಂಥೊನಿ ಬ್ರಾಕ್ಸ್‌ಟನ್ ಮುಖ್ಯರು. ಅವರ ನುಡಿಕೆ ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ: ಇದನ್ನು ಚಿಕ್ಕ ಸೊಪ್ರಾನೊ ಅಂತ ನುಡಿಸಬಾರದು. ಕೊಳಲಿನ ಚುರುಕು, ಓಬೊದ ಮೊನೆ ಎರಡೂ ಇದರಲ್ಲಿವೆ. ಅದನ್ನು ಹುಡುಕಿ ನುಡಿಸಿದರೆ ಮಾತ್ರ ಚೆಂದ.

ಆರ್ಕೆಸ್ಟ್ರಾ ವಿಷಯ ಬಂದಾಗ ಫ್ರೆಂಚ್ ಸಂಗೀತಕಾರ ರಾವೆಲ್‌ನ 1928ರ ಕೃತಿ ಬೊಲೆರೊ ಹೆಸರು ಬಂದೇ ಬರುತ್ತದೆ. ಅದರ ಹಾಳೆಯಲ್ಲಿ ಸೊಪ್ರಾನಿನೊ ಇರುವುದು ನಿಜ. ಆದರೆ ಅದು ಎಫ್ ಸೊಪ್ರಾನಿನೊ. ಇವತ್ತು ಆ ಭಾಗವನ್ನು ಸಾಮಾನ್ಯವಾಗಿ ಬಿ ಫ್ಲಾಟ್ ಸೊಪ್ರಾನೊದಲ್ಲೇ ನುಡಿಸುತ್ತಾರೆ. ಹಾಗಾಗಿ ಬೊಲೆರೊ ನುಡಿಸುವ ಆಸೆಯಿಂದ ಸೊಪ್ರಾನಿನೊ ಕೊಳ್ಳುವುದು ಬೇಡ.

ಸೆಲ್ಮರ್, ಯಾನಾಗಿಸಾವಾ, ರಾಂಪೋನೆ ಮತ್ತು ಕಜ್ಜಾನಿ ಇದನ್ನು ಮಾಡಿರುವ ದೊಡ್ಡ ಹೆಸರುಗಳು. ಮೌತ್‌ಪೀಸ್ ಆಯ್ಕೆ ಕಡಿಮೆ, ಆದರೆ ಇದೆ. ಸೊಪ್ರಾನಿನೊಗೆಂದೇ ಮಾಡಿದ ರೀಡ್ ಸಿಗುತ್ತದೆ. ಸಿಗದಿದ್ದಾಗ ಇ ಫ್ಲಾಟ್ ಕ್ಲಾರಿನೆಟ್ ರೀಡ್ ಹಾಕಿಕೊಂಡು ನುಡಿಸುವವರು ತುಂಬಾ ಜನ. ಇದು ದೊಡ್ಡ ಅನುಕೂಲ. ಅಪರೂಪದ ಸ್ಯಾಕ್ಸ್‌ಗಳಲ್ಲಿ ನಾನು ಧೈರ್ಯವಾಗಿ ಕೊಳ್ಳಿ ಅನ್ನುವುದು ಇದೊಂದನ್ನೇ, ಅದೂ ಆಲ್ಟೊ ನುಡಿಸುವವರಿಗೆ. ಓದುವ ಶ್ರುತಿ ಒಂದೇ, ಕಲಿತ ಹಾಡುಗಳು ಹಾಗೇ ಬರುತ್ತವೆ, ಲಕ್ಷ್ಯವೆಲ್ಲ ತುಟಿಯ ಮೇಲೆ ಇಡಬಹುದು. ಟೆನರ್ ಮಾತ್ರ ಗೊತ್ತಿರುವವರು ನಡುವೆ ಒಂದಷ್ಟು ಕಾಲ ಸೊಪ್ರಾನೊ ನುಡಿಸಿ ಆಮೇಲೆ ಇಲ್ಲಿಗೆ ಬನ್ನಿ. ಟೆನರ್‌ನ ಸಡಿಲ ಬಾಯಿಂದ ನೇರ ಇಲ್ಲಿಗೆ ಜಿಗಿದರೆ ಮೇಲಿನ ಸ್ಥಾಯಿ ಸಿಗುವುದೇ ಇಲ್ಲ. ಸಿಗಲಿ ಅಂತ ಮೌತ್‌ಪೀಸನ್ನು ಕಚ್ಚುವ ಚಟ ಹತ್ತುತ್ತದೆ. ಆ ಚಟ ಟೆನರ್‌ಗೂ ಹೋಗುತ್ತದೆ.

ಕೈ ದೊಡ್ಡದಿರುವವರಿಗೆ ಇನ್ನೊಂದು ಮಾತು. ಎಡ ಅಂಗೈಯಿಂದ ಒತ್ತುವ ಮೇಲಿನ ಮೂರು ಕೀಗಳು ಇದರಲ್ಲಿ ತೀರಾ ಹತ್ತಿರ. ಒಂದನ್ನು ಒತ್ತಲು ಹೋಗಿ ಇನ್ನೊಂದು ತೆರೆದುಕೊಳ್ಳುತ್ತದೆ. ಅಭ್ಯಾಸದಿಂದ ಸರಿಹೋಗುತ್ತದೆ, ಆದರೆ ಕೈಯಲ್ಲಿ ಹಿಡಿದು ನೋಡದೆ ತರಿಸಿಕೊಳ್ಳಬೇಡಿ.

ಸೊಪ್ರಿಲ್ಲೊ

ಎಲ್ಲಕ್ಕಿಂತ ಚಿಕ್ಕದು ಇದೇ. ಮ್ಯೂನಿಕ್‌ನ ಬೆನೆಡಿಕ್ಟ್ ಎಪೆಲ್ಸ್‌ಹೈಮ್ ಕಾರ್ಯಾಗಾರದ ಕೊಡುಗೆ. ಸೊಪ್ರಾನೊಗಿಂತ ಒಂದು ಸ್ಥಾಯಿ ಮೇಲೆ, ಶ್ರುತಿ ಬಿ ಫ್ಲಾಟ್. ಮೌತ್‌ಪೀಸ್ ಸೇರಿ ಉದ್ದ ಸುಮಾರು 33 ಸೆಂಟಿಮೀಟರ್, ಶಾಲೆಯ ಸ್ಕೇಲ್‌ಗಿಂತ ಚೂರು ಜಾಸ್ತಿ ಅಷ್ಟೇ.

ಇದರ ಮೌತ್‌ಪೀಸನ್ನು ಹತ್ತಿರದಿಂದ ನೋಡಬೇಕು. ಮೇಲಿನ ಸ್ಥಾಯಿಗೆ ಹೋಗಲು ಕೊಳವೆಯ ತುದಿಯ ಹತ್ತಿರ ಒಂದು ಸಣ್ಣ ತೂತು ತೆರೆಯಬೇಕು. ಉಳಿದ ಎಲ್ಲ ಸ್ಯಾಕ್ಸ್‌ನಲ್ಲೂ ಅದು ನೆಕ್ ಮೇಲೋ, ಮೈಯ ತುದಿಯಲ್ಲೋ ಇರುತ್ತದೆ. ಸೊಪ್ರಿಲ್ಲೊದಲ್ಲಿ ಆ ತೂತು ಇರಬೇಕಾದ ಜಾಗಕ್ಕೆ ಮೌತ್‌ಪೀಸೇ ಬಂದು ಕೂತುಬಿಡುತ್ತದೆ. ಹಾಗಾಗಿ ಮೌತ್‌ಪೀಸನ್ನೇ ಕೊರೆದು, ಅದರ ಮೇಲೆ ಪುಟ್ಟ ಕೀ ಕೂರಿಸಿದ್ದಾರೆ. ಅದ್ಭುತ ಕೆಲಸ. ಆದರೆ ಅದರ ಅರ್ಥ, ಬೇರೆ ಯಾವ ಮೌತ್‌ಪೀಸೂ ಇದಕ್ಕೆ ಹೊಂದುವುದಿಲ್ಲ. ಕೊಟ್ಟದ್ದನ್ನೇ ನುಡಿಸಬೇಕು. ಕೀಗಳೂ ಮೇಲಿನ ಇ ಫ್ಲಾಟ್ ತನಕ ಮಾತ್ರ. ಉಳಿದ ಸ್ಯಾಕ್ಸ್‌ಗಳಲ್ಲಿ ಇರುವ ಮೇಲಿನ ಇ, ಎಫ್ ಕೀಗಳಿಗೆ ಇದರಲ್ಲಿ ಜಾಗವೇ ಇಲ್ಲ.

ಕೊಳವೆ ಸೊಪ್ರಾನೊದ ಅರ್ಧ. ಹಾಗಾಗಿ ಮೇಲೆ ಹೇಳಿದ ಆ ಒಂದು ಮಿಲಿಮೀಟರ್ ಇಲ್ಲಿ ಎರಡರಷ್ಟು ಕೆಲಸ ಮಾಡುತ್ತದೆ. ಸೊಪ್ರಾನೊ ಮತ್ತು ಸೊಪ್ರಾನಿನೊ ಎರಡೂ ಶ್ರುತಿಯಲ್ಲಿ ನುಡಿಸುವವರಿಗೆ, ದಿನಾ ಸ್ವಲ್ಪ ಹೊತ್ತು ಇದಕ್ಕೇ ಕೊಡುವವರಿಗೆ ಮಾತ್ರ ಇದು. ಕೈಯಲ್ಲಿ ಹಿಡಿದಾಗ ಮುದ್ದು ಬರುತ್ತದೆ. ಮುದ್ದು ಬಂತೆಂದು ಕೊಳ್ಳಬೇಡಿ.

ಸಿ ಸೊಪ್ರಾನೊ ಮತ್ತು ಎಫ್ ಮೆಝೊ

ಸಿ ಸೊಪ್ರಾನೊ 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ಸಾಕಷ್ಟು ತಯಾರಾಯಿತು. ಮನೆಯಲ್ಲಿ ಪಿಯಾನೊ ಪಕ್ಕ ನಿಂತು, ಪಿಯಾನೊ ಹಾಳೆಯನ್ನೇ ನೋಡಿ ನುಡಿಸಬಹುದು ಅನ್ನುವುದು ಅದರ ಆಕರ್ಷಣೆ. ಇವತ್ತಿಗೂ ಅದರ ಲಾಭ ಅದೇ. ಪಿಟೀಲು, ಕೊಳಲು, ಪಿಯಾನೊಗೆ ಬರೆದದ್ದನ್ನು ಹಾಗೇ ಓದಬಹುದು. ಬಿ ಫ್ಲಾಟ್ ಸೊಪ್ರಾನೊದ ಮೌತ್‌ಪೀಸ್, ರೀಡ್ ಇದಕ್ಕೆ ಸಾಮಾನ್ಯವಾಗಿ ನಡೆಯುತ್ತದೆ. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ತನ್ನ ಆರ್ಕೆಸ್ಟ್ರಾ ಕೃತಿ ಸಿಂಫೋನಿಯಾ ಡೊಮೆಸ್ಟಿಕಾದಲ್ಲಿ ಸಿ ಮತ್ತು ಎಫ್ ಸಾಲಿನ ಸ್ಯಾಕ್ಸ್‌ಗಳನ್ನೇ ಕೇಳಿದ್ದಾನೆ. ಅದರಲ್ಲಿ ಸಿ ಸೊಪ್ರಾನೊ ಕೂಡ ಒಂದು.

ಕೊಳ್ಳುವಾಗ ಇರುವ ಅಪಾಯ ಬೇರೆ. ಸೆಕೆಂಡ್ ಹ್ಯಾಂಡ್ ಮಾರುವವರಿಗೇ ಎಷ್ಟೋ ಸಲ ತಮ್ಮ ಕೈಲಿರುವುದು ಸಿಯೋ ಬಿ ಫ್ಲಾಟೋ ಗೊತ್ತಿರುವುದಿಲ್ಲ. ನೋಡಲು ಎರಡೂ ಒಂದೇ, ಸಿ ಚೂರು ಗಿಡ್ಡ. ಸ್ವರ ಯಾವುದೆಂದು ತೋರಿಸುವ ಟ್ಯೂನರ್ ಇಟ್ಟುಕೊಂಡು ಸಿ ಸ್ವರಕ್ಕೆ ಬೆರಳಿಟ್ಟು ಊದಿ. ಟ್ಯೂನರ್ ಸಿ ತೋರಿಸಿದರೆ ಸಿ ಸೊಪ್ರಾನೊ, ಬಿ ಫ್ಲಾಟ್ ತೋರಿಸಿದರೆ ಬಿ ಫ್ಲಾಟ್. ಮುಳ್ಳು ಬಿ ಫ್ಲಾಟ್‌ಗೂ ಬಿಗೂ ನಡುವೆ ನಿಂತು, ಏನು ಮಾಡಿದರೂ ಅತ್ತಿತ್ತ ಹೋಗದಿದ್ದರೆ ಅನುಮಾನ ಪಡಿ. ಆ ಕಾಲದಲ್ಲಿ ಎರಡು ಮಟ್ಟದ ಶ್ರುತಿ ಚಾಲ್ತಿಯಲ್ಲಿತ್ತು. ಲೋ ಪಿಚ್ ಅಂದರೆ ಈಗಿನ ಹಾಗೆ ಎ 440, ಅಂದರೆ ಎ ಸ್ವರಕ್ಕೆ 440 ಹರ್ಟ್ಸ್. ಹೈ ಪಿಚ್ ಅಂದರೆ ಎ 457ರ ಸುತ್ತಮುತ್ತ. ಹೈ ಪಿಚ್ ವಾದ್ಯದ ಮೌತ್‌ಪೀಸನ್ನು ಎಷ್ಟು ಎಳೆದರೂ ಸರಿಹೋಗುವುದಿಲ್ಲ, ತೂತುಗಳ ಅಂತರವೇ ಬೇರೆ ಲೆಕ್ಕದ್ದು. ಮೈಮೇಲೆ ಸೀರಿಯಲ್ ನಂಬರ್ ಹತ್ತಿರ ಎಲ್ ಅಥವಾ ಎಲ್.ಪಿ. ಅಂತ ಇದೆಯಾ, ಎಚ್.ಪಿ. ಅಂತ ಇದೆಯಾ ನೋಡಿ. ಎಚ್.ಪಿ. ಇದ್ದರೆ ಗೋಡೆಗೆ ನೇತುಹಾಕಲು ಮಾತ್ರ. ಬೇರೆಯವರ ಜೊತೆ ನುಡಿಸಲು ಆಗುವುದಿಲ್ಲ.

ಎಫ್ ಮೆಝೊ ಸೊಪ್ರಾನೊ ಆಲ್ಟೊಗಿಂತ ಒಂದು ಸ್ವರ ಮೇಲೆ. ಆಕಾರವೂ ಆಲ್ಟೊದ್ದೇ. ಅಮೆರಿಕದ ಕಾನ್ ಕಂಪನಿ 1928ರ ಆಸುಪಾಸಿನಲ್ಲಿ ಇದನ್ನು ತಂದಿತು. ಮರುವರ್ಷವೇ ಷೇರು ಪೇಟೆ ಕುಸಿಯಿತು, ಹೊಸ ವಾದ್ಯ ಕೊಳ್ಳುವವರೇ ಇಲ್ಲವಾದರು. ಅಲ್ಲಿಗೆ ಅದರ ಕತೆ ನಿಂತಿತು. ಆಲ್ಟೊಗಿಂತ ಹಗುರ, ಸೊಪ್ರಾನೊಗಿಂತ ದುಂಡು ಅನ್ನುವ ದನಿ ಇದರದು. ಜ್ಯಾಝ್ ವಾದಕ ಜೇಮ್ಸ್ ಕಾರ್ಟರ್ ಇದನ್ನು ನುಡಿಸಿದ್ದು ಕೇಳಿದರೆ, ಈ ವಾದ್ಯಕ್ಕೆ ಇನ್ನೂ ಹತ್ತು ವರ್ಷ ಸಿಕ್ಕಿದ್ದರೆ ಅಂತ ಅನ್ನಿಸದೇ ಇರುವುದಿಲ್ಲ. ಆದರೂ ಇದನ್ನು ನಾನು ಯಾರಿಗೂ ಹೇಳಲಾರೆ. ಹೊಂದುವ ಮೌತ್‌ಪೀಸ್ ಹುಡುಕುವುದೇ ಒಂದು ಸಾಹಸ, ಎಲ್ಲ ಹಾಳೆಯನ್ನೂ ಶ್ರುತಿ ಬದಲಿಸಿ ಬರೆದುಕೊಳ್ಳಬೇಕು. ಸಂಗ್ರಹ ಮಾಡುವವರಿಗೆ ಮತ್ತು ಹಳೆಯ ವಾದ್ಯಕ್ಕೆ ಜೀವ ತುಂಬುವ ರಿಪೇರಿಯವರು ಪಕ್ಕದಲ್ಲೇ ಇರುವವರಿಗೆ ಮಾತ್ರ.

ಕೈಗೆ ಸಿಕ್ಕಾಗ ಹೀಗೆ ಪರೀಕ್ಷೆ ಮಾಡಿ

ನಿಮ್ಮದೇ ರೀಡ್, ಸಾಧ್ಯವಾದರೆ ನಿಮಗೆ ಗೊತ್ತಿರುವ ಮೌತ್‌ಪೀಸ್ ತೆಗೆದುಕೊಂಡು ಹೋಗಿ. ಸೊಪ್ರಾನೊ ಆದರೆ ಮೊದಲು ಬರೀ ಮೌತ್‌ಪೀಸ್ ಊದಿ ಟ್ಯೂನರ್ ನೋಡಿ. ಪಿಯಾನೊದ ಲೆಕ್ಕದಲ್ಲಿ ಸಿ ಹತ್ತಿರ ಬರಬೇಕು. ಅದಕ್ಕಿಂತ ತೀರಾ ಮೇಲೆ ಹೋಗುತ್ತಿದ್ದರೆ ನೀವು ಕಚ್ಚುತ್ತಿದ್ದೀರಿ. ಆಗ ವಾದ್ಯದ ಶ್ರುತಿ ಸರಿ ಇಲ್ಲ ಅಂತ ತೀರ್ಮಾನ ಮಾಡುವ ಹಾಗಿಲ್ಲ.

ಐದು ನಿಮಿಷ ಸುಮ್ನೆ ಊದಿ ವಾದ್ಯ ಬೆಚ್ಚಗಾಗಲಿ. ತಣ್ಣಗಿರುವಾಗ ಶ್ರುತಿ ಇಳಿದಿರುತ್ತದೆ. ಆಮೇಲೆ ಕೆಳಗಿನ ಜಿ ಹಿಡಿದು, ತುಟಿ ಅಲುಗಿಸದೆ ಆಕ್ಟೇವ್ ಕೀ ಮಾತ್ರ ಒತ್ತಿ ಮೇಲಿನ ಜಿಗೆ ಹೋಗಿ. ಎ, ಬಿ ಸ್ವರಗಳಲ್ಲೂ ಹಾಗೇ. ಎಲ್ಲ ಜೋಡಿಯೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಮೌತ್‌ಪೀಸ್ ಬದಲಿಸಿ ಸರಿಮಾಡಬಹುದು. ಒಂದು ಮೇಲೆ, ಒಂದು ಕೆಳಗೆ ಅಂತ ದಿಕ್ಕಿಲ್ಲದೆ ತಪ್ಪುತ್ತಿದ್ದರೆ ದೋಷ ಕೊಳವೆಯಲ್ಲೇ ಇದೆ, ಅದನ್ನು ಬಿಟ್ಟುಬಿಡಿ.

ಕೊನೆಗೆ ಅತಿ ಕೆಳಗಿನ ಬಿ ಫ್ಲಾಟ್ ಕೀಗೆ ಮೆಲ್ಲಗೆ, ನಾಲಿಗೆ ತಾಗಿಸದೆ ಬರೀ ಉಸಿರಿನಿಂದ ದನಿ ಎಬ್ಬಿಸಿ. ಎದ್ದರೆ ಪ್ಯಾಡ್‌ಗಳು ಚೆನ್ನಾಗಿ ಕೂತಿವೆ. ಬೆರಳನ್ನು ಗಟ್ಟಿಯಾಗಿ ಒತ್ತಿದರೆ ಮಾತ್ರ ಏಳುತ್ತದೆ ಅಂದರೆ ಎಲ್ಲೋ ಸೋರುತ್ತಿದೆ. ರಿಪೇರಿ ಖರ್ಚನ್ನು ಬೆಲೆಗೆ ಸೇರಿಸಿ ಯೋಚಿಸಿ.

ಸೊಪ್ರಾನಿನೊ, ಸೊಪ್ರಿಲ್ಲೊ ಆದರೆ ಕಿವಿಗೆ ಹಾಕುವ ಇಯರ್‌ಪ್ಲಗ್ ಜೊತೆಗಿರಲಿ. ಸೊಪ್ರಿಲ್ಲೊದ ಮೇಲಿನ ಸ್ವರ 2000 ಹರ್ಟ್ಸ್ ದಾಟುತ್ತದೆ. ನಮ್ಮ ಕಿವಿ ಬಹಳ ಸೂಕ್ಷ್ಮವಾಗಿರುವ ಜಾಗವೇ ಅದು, ಬೆಲ್ ಕೂಡ ಮುಖದಿಂದ ಒಂದೇ ಅಡಿ ದೂರ. ಚಿಕ್ಕ ಕೋಣೆಯಲ್ಲಿ ಅಭ್ಯಾಸ ಮಾಡುವವರು ಬಟ್ಟೆ ತುಂಬಿದ ಕಪಾಟಿನ ಕಡೆಗೆ ಮುಖ ಮಾಡಿ ನುಡಿಸಿ, ಬರೀ ಗೋಡೆಯ ಕಡೆಗೆ ಬೇಡ.